ಕಾಗೋಡಿನ ಕೊಳಗ ಮತ್ತು ಅಳತೆಗೆ ಸಿಗದವರು

ಊರಿಗೆ ಚರಿತ್ರೆ ಇದೆ, ಕೇರಿಗೆ ಇಲ್ಲ. ಹೀಗೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಾವು ಶಾಲೆಯಲ್ಲಿ ಕಲಿತದ್ದು ಇದನ್ನೇ. ಅರಸನ ಹೆಸರು ಕಲ್ಲಿನ ಮೇಲಿತ್ತು. ಒಡೆಯನ ಹೆಸರು ಪಹಣಿಯಲ್ಲಿತ್ತು. ಶಾನುಭೋಗರ ರುಜು ಕಡತದ ಕೊನೆಗಿತ್ತು. ಆ ಕಲ್ಲನ್ನು ಹೊತ್ತು ತಂದು ನಿಲ್ಲಿಸಿದವನು ಯಾರು, ಆ ಪಹಣಿಯ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಲ್ಲಿ ನಿಂತವನು ಯಾರು ಅನ್ನುವುದು ಪರೀಕ್ಷೆಗೆ ಬರುವ ಪ್ರಶ್ನೆ ಆಗಿರಲಿಲ್ಲ. ಹೆಬ್ಬೆಟ್ಟು ಒತ್ತುವ ಮನೆಗಳಿಂದ ಬಂದು ಡಿಗ್ರಿ ಮುಗಿಸಿದ ಮೊದಲ ತಲೆಮಾರು ನಾವು. ಆ ಪ್ರಶ್ನೆಯನ್ನು ಈಗ ನಾವೇ ಕೇಳಿ, ನಾವೇ ಉತ್ತರ ಹುಡುಕಬೇಕಾಗಿದೆ.

ಅದಕ್ಕಾಗಿ ಒಂದು ಸಣ್ಣ ಊರನ್ನು ತೆಗೆದುಕೊಳ್ಳೋಣ. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಕಾಗೋಡು. ಭತ್ತದ ಗದ್ದೆ, ಅಡಿಕೆ ತೋಟ, ಸುತ್ತ ಕಾಡು, ತಿಂಗಳುಗಟ್ಟಲೆ ಮಳೆ. ಮಲೆನಾಡಿನ ನೂರಾರು ಊರುಗಳ ಹಾಗೆ ಇದೂ ಒಂದು. ಆದರೆ 1951ರಲ್ಲಿ ಈ ಊರಿನ ಗೇಣಿದಾರರು ತಾವು ಉಳುತ್ತಿದ್ದ ಗದ್ದೆಗೇ ಇಳಿದು ಜೈಲು ಸೇರಿದರು. ದೊಡ್ಡವರ ಭಾಷಣಗಳಲ್ಲಿ, ಪುಸ್ತಕಗಳಲ್ಲಿ ಕಾಗೋಡಿನ ಹೆಸರು ಇವತ್ತಿಗೂ ಬರುತ್ತದೆ. ಬರಲಿ. ಆ ಹೆಮ್ಮೆ ನಮ್ಮದೂ ಹೌದು. ಆದರೆ ಆ ಸೀಮೆಯಲ್ಲಿ ಒಡೆಯನೂ ಅಲ್ಲದ, ಗೇಣಿದಾರನೂ ಅಲ್ಲದ ಮೂರನೆಯವನು ಒಬ್ಬನಿದ್ದ. ಅವನ ಲೆಕ್ಕ ಏನಾಯಿತು ಅಂತ ಕೇಳುವುದು ನಮ್ಮ ಹಕ್ಕು.

1

ಈ ಸೀಮೆಯ ಚರಿತ್ರೆ ಕೆಳದಿಯಿಂದ ಶುರುವಾಗುತ್ತದೆ ಅಂತ ಬರೆಯುವುದು ವಾಡಿಕೆ. ಕೆಳದಿಯೂ ಇಕ್ಕೇರಿಯೂ ಇದೇ ಸಾಗರ ತಾಲ್ಲೂಕಿನಲ್ಲಿವೆ. ಹಾಗೇ ಶುರು ಮಾಡೋಣ, ಆದರೆ ಬೇರೆ ತುದಿಯಿಂದ.

ಕೆಳದಿ ಅರಸುಮನೆತನದ ಮೂಲದ ಬಗ್ಗೆ ಒಂದು ಐತಿಹ್ಯ ಇದೆ. ಚೌಡಪ್ಪ, ಭದ್ರಪ್ಪ ಅನ್ನುವ ಅಣ್ಣತಮ್ಮಂದಿರಿಗೆ ಹೊಲದಲ್ಲಿ ನಿಧಿ ಸಿಕ್ಕಿತು. ನಿಧಿ ಎತ್ತಬೇಕಾದರೆ ನರಬಲಿ ಬೇಕು ಅಂತಾಯಿತು. ಆಗ ಮನೆಯ ಇಬ್ಬರು ಆಳುಗಳು, ಎಡವ ಮತ್ತು ಮುರಾರಿ, ತಾವಾಗಿಯೇ ತಲೆ ಕೊಟ್ಟರಂತೆ. ತಮ್ಮ ಹೆಸರು ಉಳಿಸಿ ಅಂತ ಕೇಳಿಕೊಂಡರಂತೆ. ಹೆಸರು ಉಳಿಯಿತು. ಕೆಳದಿ ನಾಯಕರ ಬಿರುದುಗಳಲ್ಲಿ 'ಎಡವ ಮುರಾರಿ' ಅನ್ನುವುದೂ ಸೇರಿಕೊಂಡಿತು. ಅರಸರ ಬಿರುದಾವಳಿ ಹೇಳುವಾಗಲೆಲ್ಲ ಅವರ ಹೆಸರೂ ಬರುತ್ತಿತ್ತು.

ಐತಿಹ್ಯ ಅಂದ ಮೇಲೆ ನಡೆದದ್ದು ಹೀಗೇ ಅಂತ ಸಾಧಿಸಲು ಬರುವುದಿಲ್ಲ. ಆದರೆ ಕಥೆ ಕಟ್ಟಿದವರ ಮನಸ್ಸು ಹೇಗಿತ್ತು ಅನ್ನುವುದಕ್ಕೆ ಈ ಕಥೆಯೇ ಸಾಕ್ಷಿ. 'ತಾವಾಗಿಯೇ' ಕೊಟ್ಟರು ಅನ್ನುತ್ತಾರೆ. ಆಳಿಗೆ 'ತಾನಾಗಿ' ಅನ್ನುವುದು ಎಲ್ಲಿತ್ತು? ತಲೆ ಆಳಿನದು, ನಿಧಿ ಒಡೆಯನದು, ರಾಜ್ಯ ಒಡೆಯನ ಮಕ್ಕಳದು. ಆಳಿನ ಪಾಲಿಗೆ ಬಂದದ್ದು ಹೆಸರು ಮಾತ್ರ, ಅದೂ ಒಡೆಯನ ಹೆಸರಿನ ಮುಂದೆ ಅಂಟಿಸಿಕೊಳ್ಳಲು. ಸಾಗರ ಸೀಮೆಯಲ್ಲಿ ನೆಲದ ಚರಿತ್ರೆ ಓದುವವರು ಮೊದಲು ಈ ಎರಡು ತಲೆಗಳನ್ನು ಲೆಕ್ಕಕ್ಕೆ ಹಿಡಿಯಬೇಕು.

ಕೆಳದಿ ಅರಸರಲ್ಲಿ ದೊಡ್ಡ ಹೆಸರು ಶಿವಪ್ಪನಾಯಕನದು. 1645ರಿಂದ 1660ರವರೆಗೆ ಆಳಿದ. ಮಣ್ಣಿನ ತರಗತಿ ಮಾಡಿ, ಬೆಳೆ ನೋಡಿ ಕಂದಾಯ ಕಟ್ಟಿದ. 'ಶಿವಪ್ಪನಾಯಕನ ಶಿಸ್ತು' ಅಂತಲೇ ಅದು ಹೆಸರಾಯಿತು. ಆ ಶಿಸ್ತಿನಲ್ಲಿ ಗದ್ದೆಗೂ ತೋಟಕ್ಕೂ ದರ್ಜೆ ಇತ್ತು, ದರ ಇತ್ತು. ಅಂದರೆ ನೆಲಕ್ಕೆ ಅಳತೆ ಬಂತು. ನೆಲಕ್ಕೆ ಅಂಟಿಕೊಂಡ ಮನುಷ್ಯ ಮಾತ್ರ ನೆಲದ ಜೊತೆಗೇ ಅಳತೆಯಾಗಿ ಹೋದ.

ಇದು ನಮ್ಮ ಸಿಟ್ಟಿನ ಮಾತಲ್ಲ, ಸರ್ಕಾರದ ದಾಖಲೆಯ ಮಾತು. ಬಿ. ಎಲ್. ರೈಸ್ 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ: ಬಯಲುಸೀಮೆಯಲ್ಲಿ ಹೊಲೆಯನಿಗೆ ಕುಳವಾಡಿ ಅಂತ ಊರಿನಲ್ಲಿ ಒಂದು ಸ್ಥಾನವಾದರೂ ಇತ್ತು, ಮಲೆನಾಡಿನಲ್ಲಿ ಅವನು ಬರೀ ಗುಲಾಮ. ಆ ಗುಲಾಮರಲ್ಲಿ ಎರಡು ಬಗೆ. ಒಂದು ಹುಟ್ಟಾಳು, ಒಡೆಯನ ಮನೆಯಲ್ಲೇ ಹುಟ್ಟಿ ವಂಶಪಾರಂಪರ್ಯವಾಗಿ ದುಡಿಯುವವನು. ಇನ್ನೊಂದು ಮಣ್ಣಾಳು, ನೆಲ ಮಾರಿದಾಗ ನೆಲದ ಜೊತೆಗೇ ಮಾರಾಟವಾಗುವವನು. ಗದ್ದೆ, ಮರ, ಬಾವಿ, ಮಣ್ಣಾಳು. ಕ್ರಯಪತ್ರಕ್ಕೆ ಎಲ್ಲವೂ ಒಂದೇ.

ಬಯಲುಸೀಮೆಯ ಆ 'ಸ್ಥಾನ'ವಾದರೂ ಎಂಥದು? ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ಬರೆದಿಟ್ಟ ಸಂಗತಿ ಇದು. ಎರಡು ಊರುಗಳ ನಡುವೆ ಗಡಿಯ ಜಗಳ ಬಂದರೆ ತೀರ್ಮಾನ ಹೇಳುವವನು ಕುಳವಾಡಿ. ಊರಿನ ಮಣ್ಣಿನ ಉಂಡೆ ಮಾಡಿ ಅವನ ತಲೆಯ ಮೇಲೆ ಇಡುತ್ತಿದ್ದರು. ಅವನು ಗಡಿಯ ಮೇಲೆ ನಡೆಯಬೇಕು. ಸರಿಯಾದ ಜಾಡಿನಲ್ಲಿ ನಡೆದರೆ ಉಂಡೆ ಉಳಿಯುತ್ತದೆ. ತಪ್ಪಿದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಅಂತ ನಂಬಿಕೆ. ನೋಡಿ, ಊರಿನ ಒಂದೊಂದು ಗಡಿಯೂ ಗೊತ್ತಿದ್ದವನು ಅವನೇ. ಅವನಿಗೆ ಗೊತ್ತಿದ್ದಷ್ಟು ಶಾನುಭೋಗನ ಕಡತಕ್ಕೂ ಗೊತ್ತಿರಲಿಲ್ಲ. ಆದರೆ ಆ ಗಡಿಯೊಳಗಿನ ನೆಲ ಇನ್ನೊಬ್ಬರದು. ಜಗಳ ಅವರದು, ಜೀವ ಇವನದು.

1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಆ ದಂಗೆಯ ನೆಪದಲ್ಲಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಮಲೆನಾಡಿನ ರೈತ ತಲೆ ಬಾಗಿದವನಲ್ಲ ಅನ್ನುವುದಕ್ಕೆ ಅದು ಗುರುತು, ನಿಜ. ಆದರೆ ಅದು ಕಂದಾಯದ ಭಾರ ಹೊತ್ತವನ ದಂಗೆ. ಕಂದಾಯ ಕಟ್ಟಲು ಗೇಣು ನೆಲವೂ ಇಲ್ಲದವನು ಆ ದಂಗೆಯಲ್ಲಿ ಗೆದ್ದಿದ್ದರೂ ಏನು ಗೆಲ್ಲುತ್ತಿದ್ದ?

2

ಈಗ ಕಾಗೋಡಿಗೆ ಬರೋಣ.

ಕಾಗೋಡು ಸೀಮೆಯ ಗೇಣಿದಾರರು ಹೆಚ್ಚಾಗಿ ದೀವರು. ಒಡೆಯರು ಮೇಲ್ಜಾತಿಯವರು. ದೀವರ ಹೆಂಗಸರು ಬುಟ್ಟಿಗೆ ಚಿತ್ತಾರ ಬರೆದು, ಭೂಮಿ ಹುಣ್ಣಿಮೆಯ ದಿನ ಬಸುರಿ ಗದ್ದೆಗೆ ಬಯಕೆಯ ಊಟ ಹಾಕುತ್ತಾರೆ. ಗದ್ದೆಯನ್ನು ಮನೆಮಗಳ ಹಾಗೆ ಕಂಡ ಜನ ಅದು. ಆದರೆ ಆ ಗದ್ದೆ ಹೆತ್ತದ್ದು ಅವರ ಕಣಜಕ್ಕೆ ಬರುತ್ತಿರಲಿಲ್ಲ. ಕಣದಲ್ಲಿ ರಾಶಿ ಮಾಡಿದ ಭತ್ತ ಗೇಣಿಯ ಹೆಸರಿನಲ್ಲಿ ಒಡೆಯನ ಮನೆಗೆ ಹೋಗುತ್ತಿತ್ತು. ಜೊತೆಗೆ ಬಿಟ್ಟಿ ದುಡಿಮೆ. ಒಡೆಯರ ಮುಂದೆ ಮೊಣಕಾಲಿನ ಕೆಳಗೆ ಪಂಚೆ ಇಳಿಬಿಡಬಾರದು ಅನ್ನುವ ಕಟ್ಟು.

ಜಗಳ ಹೊತ್ತಿಕೊಂಡಿದ್ದು ಕೊಳಗದಿಂದ. ಕೊಳಗ ಅಂದರೆ ಭತ್ತ ಅಳೆಯುವ ಮಾನ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗೇಣಿ ಇಷ್ಟು ಖಂಡುಗ ಅಂತ ಮಾತಾಗಿರುತ್ತಿತ್ತು. ಆದರೆ ಒಡೆಯನ ಮನೆಯ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು. ಕೊಡುವಾಗ ಒಂದು ಅಳತೆ, ತೆಗೆದುಕೊಳ್ಳುವಾಗ ಇನ್ನೊಂದು ಅಳತೆ.

ಇದನ್ನು ಹಳ್ಳಿ ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಗಣಿತವಾಗಿ ಹೇಳಿಕೊಡಬೇಕು. ಮೂರು ಸೇರು ಹಿಡಿಯಬೇಕಾದ ಕೊಳಗ ನಾಲ್ಕು ಸೇರು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಹತ್ತು ಖಂಡುಗ ಗೇಣಿ ಕೊಡುವವನು ಇನ್ನೂರು ಕೊಳಗ ಅಳೆಯಬೇಕು. ಕೊಳಗಕ್ಕೆ ಒಂದು ಸೇರು ಹೆಚ್ಚು ಹೋದರೆ ಇನ್ನೂರು ಸೇರು ಭತ್ತ ಹೆಚ್ಚು ಹೋಯಿತು. ಸರಿಯಾದ ಕೊಳಗದಲ್ಲಿ ಅದು ಮೂರು ಖಂಡುಗಕ್ಕೂ ಮೇಲೆ. ಹತ್ತು ಅಂತ ಬಾಯಲ್ಲಿ ಹೇಳಿ ಹದಿಮೂರು ಕಿತ್ತುಕೊಂಡ ಹಾಗಾಯಿತು. ಇದಕ್ಕೆ ಚಾಟಿ ಬೇಡ, ದೊಣ್ಣೆ ಬೇಡ, ಪೊಲೀಸರೂ ಬೇಡ. ಬಡಗಿ ಮಾಡಿಕೊಟ್ಟ ಒಂದು ಮರದ ಮಾನ ಸಾಕು. ಲೆಕ್ಕ ಬಾರದವನ ಎದುರಿಗೇ ಲೂಟಿ ನಡೆಯುತ್ತದೆ, ಅವನ ಕೈಯಿಂದಲೇ ಅಳೆಸಿಕೊಂಡು ನಡೆಯುತ್ತದೆ. ಶೋಷಣೆ ಅಂದರೇನು ಅಂತ ಕೇಳುವವರಿಗೆ ದಪ್ಪ ಪುಸ್ತಕ ತೋರಿಸುವುದು ಬೇಡ, ಕಾಗೋಡಿನ ಕೊಳಗ ತೋರಿಸಿ.

1948ರಲ್ಲಿ ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಹುಟ್ಟಿತು. ದೊಡ್ಡ ಕೊಳಗದಲ್ಲಿ ಅಳೆಯುವುದಿಲ್ಲ, ಬಿಟ್ಟಿ ಮಾಡುವುದಿಲ್ಲ ಅಂತ ಗೇಣಿದಾರರು ನಿಂತರು. ಹಾಗಾದರೆ ಗದ್ದೆಗೇ ಇಳಿಯಬೇಡಿ ಅಂದರು ಒಡೆಯರು. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿಯುವುದು, ಪೊಲೀಸರು ಹಿಡಿಯುವುದು, ಮರುದಿನ ಇನ್ನೊಂದು ತಂಡ ಇಳಿಯುವುದು. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ಶಾಂತವೇರಿ ಗೋಪಾಲಗೌಡರು ಬಂದರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಸರ್ಕಾರ ಅವರನ್ನೂ ಹಿಡಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ವರ್ಷ ತುಂಬಿರಲಿಲ್ಲ; ಭತ್ತವನ್ನು ಸರಿಯಾದ ಮಾನದಲ್ಲಿ ಅಳೆಯಿರಿ ಅಂತ ಕೇಳಿದವರು ಜೈಲಿನಲ್ಲಿದ್ದರು.

1952ರ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ಶಾಸನಸಭೆಗೆ ಹೋದರು. ಗೇಣಿದಾರನ ಮಾತು ಮೊದಲ ಸಲ ಗೇಣಿದಾರನ ಸಿಟ್ಟಿನಲ್ಲೇ ಅಲ್ಲಿ ಕೇಳಿಸಿತು. ಅವರು 1972ರಲ್ಲಿ ತೀರಿಕೊಂಡರು. ಅವರು ಬಯಸಿದ ಕಾನೂನು ಅದಾದ ಮೇಲೆ ಬಂತು.

ಕಾಗೋಡಿನ ದೀವರು ನಮ್ಮ ಹಗೆಗಳಲ್ಲ, ನಮ್ಮ ಒಡಹುಟ್ಟಿದವರು. ಅವರ ಪಂಚೆ ಮೊಣಕಾಲಿನಿಂದ ಕೆಳಗೆ ಇಳಿದ ದಿನ ನಮ್ಮ ಕೇರಿಗೂ ಸ್ವಲ್ಪ ಗಾಳಿ ಬಂತು. ಆದರೆ ಒಡಹುಟ್ಟಿದವರ ಹತ್ತಿರ ಕೇಳಲೇಬೇಕಾದ ಮಾತು ಇರುತ್ತದೆ. ಕೊಳಗದ ಜಗಳ ಯಾರ ನಡುವಿನದು? ಭತ್ತ ಅಳೆದು ಕೊಡುವವನಿಗೂ ಅಳೆಸಿಕೊಳ್ಳುವವನಿಗೂ ನಡೆದದ್ದು. ಒಡೆಯ ಸ್ವಂತಕ್ಕೆ ಇಟ್ಟುಕೊಂಡ ಗದ್ದೆ ತೋಟಗಳಲ್ಲಿ ದುಡಿದ ಹುಟ್ಟಾಳಿನ ಮಗ, ಮಣ್ಣಾಳಿನ ಮೊಮ್ಮಗ ಏನನ್ನು ಅಳೆಯಬೇಕಿತ್ತು? ಅವನ ಹತ್ತಿರ ಅಳೆಯಲು ಭತ್ತ ಇರಲಿಲ್ಲ. ಅವನಿಗೇ ಸಂಜೆ ಸೇರಿನಲ್ಲಿ ಅಳೆದು ಹಾಕುತ್ತಿದ್ದರು. ಕೊಳಗ ದೊಡ್ಡದಾಯಿತು ಅಂತ ಗೇಣಿದಾರ ಕೂಗಿದ. ಸೇರು ಸಣ್ಣದಾಯಿತು ಅಂತ ಕೂಲಿಯವನು ಯಾರ ಹತ್ತಿರ ಕೂಗಬೇಕಿತ್ತು?

ಅಡಿಕೆ ತೋಟದ ಕಥೆಯೂ ಇದೇ. ಸಾಗರ ಸೀಮೆಯಲ್ಲಿ ತೋಟಕ್ಕೆ ಅಂಟಿಕೊಂಡು ಸೊಪ್ಪಿನಬೆಟ್ಟ ಇರುತ್ತದೆ. ಅಡಿಕೆ ಮರದ ಬುಡಕ್ಕೆ, ಗೊಬ್ಬರಕ್ಕೆ ಬೇಕಾದ ಸೊಪ್ಪು ಕಡಿಯುವ ಹಕ್ಕು ತೋಟದ ಒಡೆಯನಿಗೆ. ಮರ ಹತ್ತಿ ಸೊಪ್ಪು ಕಡಿಯುವವನು, ಹೊರೆ ಹೊತ್ತು ಇಳಿಯುವವನು ಕೂಲಿಯಾಳು. ಅದೇ ಕೂಲಿಯಾಳು ತನ್ನ ಒಲೆಗೆ ಅಂತ ಕಾಡಿನಿಂದ ಒಂದು ಹೊರೆ ಸೌದೆ ತಂದರೆ ಕಳ್ಳ. ಒಂದೇ ಕಾಡು, ಒಂದೇ ಕತ್ತಿ, ಒಂದೇ ಕೈ. ಒಡೆಯನಿಗಾಗಿ ಬೀಸಿದರೆ ಹಕ್ಕು, ತನಗಾಗಿ ಬೀಸಿದರೆ ಅಪರಾಧ.

3

1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸು ಮುಖ್ಯಮಂತ್ರಿ. ಗೇಣಿ ಪದ್ಧತಿ ರದ್ದಾಯಿತು, ಗೇಣಿ ನೆಲ ಸರ್ಕಾರದಲ್ಲಿ ವಿಹಿತವಾಯಿತು, ಉಳುವವನೇ ನೆಲದೊಡೆಯ ಅಂತ ಊರೂರಲ್ಲಿ ಮಾತಾಯಿತು. ಏಳನೇ ನಂಬರ್ ಫಾರಂ ತುಂಬಿಕೊಡಬೇಕು, ಭೂನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಅರ್ಜಿ ಹಾಕಲು ಕೊನೆಯ ದಿನ ಮುಂದಕ್ಕೆ ಹೋಗುತ್ತ 1979ರ ಜೂನ್ 30ಕ್ಕೆ ನಿಂತಿತು. ಲಕ್ಷಗಟ್ಟಲೆ ಗೇಣಿದಾರರು ನೆಲ ಪಡೆದರು. ಕಾಗೋಡಿನಲ್ಲಿ ಹಚ್ಚಿದ ಬೆಂಕಿಗೆ ಇಪ್ಪತ್ಮೂರು ವರ್ಷದ ಮೇಲೆ ಅನ್ನ ಬೆಂದಿತು. ಇದನ್ನು ಸಣ್ಣದು ಅನ್ನುವವರು ನೆಲ ಇಲ್ಲದೆ ಒಂದು ದಿನವೂ ಬದುಕಿ ನೋಡದವರು.

ಆದರೆ 'ಉಳುವವನು' ಅಂದರೆ ಯಾರು? ನಾವು ಅಂದುಕೊಂಡಿದ್ದೆವು, ನೇಗಿಲ ಮೇಣಿ ಹಿಡಿದವನು ಅಂತ. ಕಾನೂನಿನ ಪುಸ್ತಕ ತೆರೆದು ನೋಡಿ. ಸ್ವಂತ ಸಾಗುವಳಿ ಅಂದರೆ ಏನು ಅಂತ ಅದರಲ್ಲಿ ಅರ್ಥ ಬರೆದಿದೆ. ತನ್ನ ಮೈದುಡಿಮೆಯಿಂದ ಮಾಡಿದರೂ ಸ್ವಂತ ಸಾಗುವಳಿ. ಮನೆಯವರ ದುಡಿಮೆಯಿಂದ ಮಾಡಿದರೂ ಸರಿ. ಹಣವನ್ನೋ ಕಾಳನ್ನೋ ಕೂಲಿಯಾಗಿ ಕೊಟ್ಟು, ಆಳುಗಳನ್ನು ಇಟ್ಟು, ತನ್ನ ಮೇಲುಸ್ತುವಾರಿಯಲ್ಲಿ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಬದುವಿನ ಮೇಲೆ ಕೊಡೆ ಹಿಡಿದು ನಿಂತವನು ಉಳುವವನು. ಕೆಸರಿನಲ್ಲಿ ನೇಗಿಲು ಹಿಡಿದವನು ಕೂಲಿಯವನು. ಗೇಣಿ ಕೊಟ್ಟವನಿಗೆ ಕಾನೂನು ಬಾಗಿಲು ತೆರೆಯಿತು. ಬೆವರು ಕೊಟ್ಟವನಿಗೆ ಆ ಬಾಗಿಲಿನಲ್ಲಿ ಜಾಗ ಇರಲಿಲ್ಲ.

ಗೇಣಿ ಮಾಡಿದ ನಮ್ಮವರಿಗೂ ದಾರಿ ಸುಲಭವಾಗಿರಲಿಲ್ಲ. ಗೇಣಿ ಕೊಟ್ಟೆ ಅಂತ ತೋರಿಸಬೇಕು. ರಸೀದಿ ಎಲ್ಲಿ? ಪಹಣಿಯಲ್ಲಿ ಹೆಸರು ಎಲ್ಲಿ? ಸಾಕ್ಷಿ ಹೇಳುವವರು ಯಾರು? 'ಇವನು ಗೇಣಿದಾರನಲ್ಲ, ನಮ್ಮ ಮನೆಯ ಕೂಲಿಯಾಳು' ಅಂತ ಒಡೆಯ ಒಂದು ಮಾತು ಹೇಳಿದರೆ ತೀರಿತು. ಆ ಮಾತಿಗೆ ಊರು ತಲೆಯಾಡಿಸುತ್ತಿತ್ತು, ಯಾಕೆಂದರೆ ಕೇರಿಯವನು ಆಳಾಗಿರುವುದೇ ಊರಿಗೆ ಸಹಜವಾಗಿ ಕಾಣುತ್ತಿತ್ತು. ಜಾತಿಯೇ ಅಲ್ಲಿ ಸಾಕ್ಷಿ ಹೇಳುತ್ತಿತ್ತು. ವರ್ಗ ಒಂದೇ, ಜಾತಿ ಆಮೇಲೆ ತಾನಾಗಿ ಹೋಗುತ್ತದೆ ಅಂತ ಹೇಳುವ ಗೆಳೆಯರು ಈ ಒಂದು ಸಂಗತಿಯನ್ನು ಕುಳಿತು ಯೋಚಿಸಬೇಕು.

1975ರಲ್ಲಿ ಜೀತ ನಿಷೇಧಿಸಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಅದು ಕಾನೂನಾಯಿತು. ಸಾಲ ಮನ್ನಾ, ಆಳು ಬಿಡುಗಡೆ. ಒಳ್ಳೆಯದೇ. ಆದರೆ ಬಿಡುಗಡೆಯಾದವನು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು? ಗುಡಿಸಲು ಒಡೆಯನ ಜಾಗದಲ್ಲಿ, ಕೂಲಿ ಒಡೆಯನ ತೋಟದಲ್ಲಿ. ನೆಲ ಕೊಡದೆ ಬಿಡುಗಡೆ ಕೊಡುವುದು ಹಗ್ಗ ಬಿಚ್ಚಿ ಕೊಟ್ಟಿಗೆಯ ಬಾಗಿಲು ಹಾಕಿದ ಹಾಗೆ.

ಈ ನಡುವೆ ನೀರೂ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಸಾಗರ, ಹೊಸನಗರ ತಾಲ್ಲೂಕುಗಳ ಊರೂರನ್ನೇ ನುಂಗಿದಳು. ನಾಡಿಗೆ ವಿದ್ಯುತ್ ಸಿಕ್ಕಿತು. ಸಾವಿರಾರು ಸಂಸಾರಗಳು ಮಳೆಯಲ್ಲಿ ಗಂಟುಮೂಟೆ ಹೊತ್ತು ಕಾಡಿನ ಅಂಚಿಗೆ ಹೋದವು. ಅರಣ್ಯಭೂಮಿ ಅಂತ ಅವರಲ್ಲಿ ಎಷ್ಟೋ ಜನರಿಗೆ ಹಕ್ಕುಪತ್ರದ ಜಗಳ ಇನ್ನೂ ಮುಗಿದಿಲ್ಲ. ಪಟ್ಟಾ ಇದ್ದವರ ಗತಿಯೇ ಇದು. ಬರಿಗೈಯಲ್ಲಿ ದುಡಿಯುತ್ತಿದ್ದವನ ಮುಳುಗಡೆಗೆ ಪರಿಹಾರದ ಪಟ್ಟಿಯಲ್ಲಿ ಕಲಂ ಯಾವುದು?

2006ರ ಅರಣ್ಯ ಹಕ್ಕು ಕಾನೂನು ಬಂದಾಗ ಆಸೆ ಹುಟ್ಟಿತು. ಅದರಲ್ಲಿ ಪರಿಶಿಷ್ಟ ಪಂಗಡ ಅಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದೆವು ಅಂತ ತೋರಿಸಬೇಕು. ನಮ್ಮವರು ಪರಿಶಿಷ್ಟ ಜಾತಿ, ಆದ್ದರಿಂದ ಈ ಷರತ್ತು ನಮಗೂ ಉಂಟು. ಮಣ್ಣಾಳಿನ ಮೊಮ್ಮಗ 75 ವರ್ಷದ ದಾಖಲೆ ಎಲ್ಲಿಂದ ತರಬೇಕು? ಅವನ ಅಜ್ಜನ ಹೆಸರು ಇದ್ದರೆ ಒಡೆಯನ ಸಾಲದ ಪುಸ್ತಕದಲ್ಲಿ ಇದ್ದೀತು.

ಕಾಗೋಡಿನಿಂದಲೇ ಬಂದ ಕಾಗೋಡು ತಿಮ್ಮಪ್ಪನವರು 2016ರಲ್ಲಿ ಕಂದಾಯ ಮಂತ್ರಿಯಾದರು. ದಾಖಲೆ ಇಲ್ಲದ ಜನವಸತಿಗಳಲ್ಲಿ, ಖಾಸಗಿಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡವರಿಗೆ ವಾಸದ ಜಾಗದ ಹಕ್ಕು ಕೊಡುವ ತಿದ್ದುಪಡಿ ಅವರ ಕಾಲದಲ್ಲಿ ಆಯಿತು, 2017ರಲ್ಲಿ ಕಾನೂನಾಯಿತು. ಒಪ್ಪುತ್ತೇವೆ, ಸ್ವಾಗತಿಸುತ್ತೇವೆ. ಆದರೆ ವರ್ಷಗಳನ್ನು ಎಣಿಸಿ ನೋಡಿ. ಸತ್ಯಾಗ್ರಹ 1951ರಲ್ಲಿ. ಗೇಣಿದಾರನಿಗೆ ಗದ್ದೆಯ ಕಾನೂನು 1974ರಲ್ಲಿ. ಇಂಥ ಹಟ್ಟಿ ಹಾಡಿಗಳವರಿಗೆ ಗುಡಿಸಲ ಕೆಳಗಿನ ನೆಲದ ಕಾನೂನು 2017ರಲ್ಲಿ, 66 ವರ್ಷದ ಮೇಲೆ. ಅದೂ ಮಲಗುವಷ್ಟು ನೆಲ. ಉಳುವಷ್ಟು ನೆಲದ ಮಾತು ಯಾವಾಗ? ಅದು ಬರುವ ಮೊದಲೇ 2020ರಲ್ಲಿ ಇನ್ನೊಂದು ತಿದ್ದುಪಡಿ ಬಂತು: ಕೃಷಿಕರಲ್ಲದವರೂ ಇನ್ನು ಜಮೀನು ಕೊಳ್ಳಬಹುದು. ಹಣ ಇದ್ದವನಿಗೆ ನೆಲ. ಹೊಸ ಒಡೆಯನಿಗೆ ಬದುವಿನ ಮೇಲೆ ನಿಲ್ಲುವ ಕಷ್ಟವೂ ಇಲ್ಲ.

4

ಗೆಳೆಯರೇ, ಇದನ್ನೆಲ್ಲ ಅಳುವುದಕ್ಕೆ ಬರೆಯುತ್ತಿಲ್ಲ. ಕಾಗೋಡು ನಮಗೆ ಒಂದು ಪಾಠ ಕಲಿಸಿದೆ: ಜನ ಮೊದಲು ಮಾನವನ್ನು ಪ್ರಶ್ನಿಸಿದರು, ಆಮೇಲೆ ನೆಲವನ್ನು ಗೆದ್ದರು. ಯಾವ ಅಳತೆಯಲ್ಲಿ ನಮ್ಮನ್ನು ಅಳೆಯುತ್ತಿದ್ದಾರೆ ಅನ್ನುವುದು ಗೊತ್ತಾದ ದಿನವೇ ಹೋರಾಟ ಅರ್ಧ ಶುರುವಾದ ಹಾಗೆ. ನಮ್ಮ ಕಾಲದ ಕೊಳಗ ದಾಖಲೆ. ರಸೀದಿ, ಪಹಣಿ, 75 ವರ್ಷದ ಸಾಕ್ಷಿ. ದಾಖಲೆ ಇಟ್ಟುಕೊಳ್ಳಲು ಬಿಡದವರೇ ಈಗ ದಾಖಲೆ ತನ್ನಿ ಅನ್ನುತ್ತಿದ್ದಾರೆ.

ಅದಕ್ಕೆ ನಮ್ಮ ಕೆಲಸ ಇದು. ಹಳ್ಳಿಗಳಲ್ಲಿ ಪಾಠ ಹೇಳುವ ಮೇಷ್ಟ್ರುಗಳು, ರಜೆಗೆ ಊರಿಗೆ ಬರುವ ಹಾಸ್ಟೆಲ್ ಹುಡುಗ ಹುಡುಗಿಯರು ಒಂದೊಂದು ಕೇರಿಯ ಚರಿತ್ರೆ ಬರೆಯಿರಿ. ಕೇರಿಯ ಮುದುಕ ಮುದುಕಿಯರು ಇರುವಾಗಲೇ ಕೂತು ಕೇಳಿ. ಯಾವ ಮನೆಗೆ ಯಾರು ಆಳಾಗಿದ್ದರು, ಎಷ್ಟು ತಲೆಮಾರು? ಯಾವ ಗದ್ದೆಯನ್ನು ಯಾರ ಅಜ್ಜ ಕಾಡು ಕಡಿದು ಮಾಡಿದ? ಕೂಲಿ ಭತ್ತವನ್ನು ಯಾವ ಸೇರಿನಲ್ಲಿ ಅಳೆಯುತ್ತಿದ್ದರು, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು? ಏಳನೇ ನಂಬರ್ ಫಾರಂ ಹಾಕಿದವರು ಯಾರು, ಹಾಕಬೇಡ ಅಂತ ತಡೆದವರು ಯಾರು? ಮಂಜೂರಾದ ನೆಲ ಈಗ ಯಾರ ಕೈಯಲ್ಲಿದೆ? 1978ರ ಕಾನೂನಿನ ಪ್ರಕಾರ ಪರಿಶಿಷ್ಟರಿಗೆ ಮಂಜೂರಾದ ನೆಲವನ್ನು ಸರ್ಕಾರದ ಅಪ್ಪಣೆ ಇಲ್ಲದೆ ಪರಭಾರೆ ಮಾಡುವಂತಿಲ್ಲ ಅನ್ನುವುದು ಆ ಮನೆಯವರಿಗೆ ಗೊತ್ತಿದೆಯೇ?

ಕೇಳಿದ್ದನ್ನು ತಾರೀಖು ಹಾಕಿ, ಹೇಳಿದವರ ಹೆಸರು ಹಾಕಿ, ಅವರಿಗೇ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ ಇಡಿ. ಹೆಣ್ಣಾಳುಗಳ ಮಾತನ್ನು ಮೊದಲು ಬರೆಯಿರಿ. ನಾಟಿ ಮಾಡಿದವರು, ಕಳೆ ಕಿತ್ತವರು, ಅಡಿಕೆ ಸುಲಿದವರು ಅವರೇ. ಯಾವ ಕೊಳಗದ ಕಥೆಯಲ್ಲೂ ಅವರ ಹೆಸರಿಲ್ಲ. ದೀವರ ಕೇರಿಗೂ ಹೋಗಿ. ಅವರ ಅಜ್ಜಂದಿರು ಜೈಲಿಗೆ ಹೋದ ಕಥೆಯನ್ನು ಕೇಳಿ, ನಮ್ಮ ಅಜ್ಜಂದಿರ ಕಥೆಯನ್ನು ಅವರಿಗೂ ಹೇಳಿ. ಎರಡೂ ಕಥೆ ಒಂದೇ ಪುಸ್ತಕದಲ್ಲಿ ಬರಬೇಕು. ಆಗಲೇ ಅದು ಆ ಊರಿನ ಚರಿತ್ರೆ.

ಎಡವನೂ ಮುರಾರಿಯೂ ಹೆಸರು ಉಳಿಸಿ ಅಂತ ಕೇಳಿಕೊಂಡರಂತೆ. ನಾವು ಹೆಸರು ಕೇಳುವುದಿಲ್ಲ. ನೆಲ ಕೇಳುತ್ತೇವೆ, ಲೆಕ್ಕ ಕೇಳುತ್ತೇವೆ. ಅಳೆಯುವ ಮಾನ ಇನ್ನು ಒಡೆಯನ ಮನೆಯ ಅಟ್ಟದ ಮೇಲೆ ಇರಕೂಡದು. ಅದು ಕೇರಿಯ ನಡುವೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಇರಬೇಕು.